ಎರಡನೇ ಸಾರಿ

ಬೆಂಗಳೂರಿನ ಹುಡುಗರು ಫೋನು ಮಾಡಿ ಕೇಳುತ್ತಾರೆ,
ನಿನ್ನ ಗುರು ಯಾರು, ನ್ಯೂಯಾರ್ಕೋ, ಮುಂಬಯಿಯೋ.
ಹಾಸನದ ಆಲೂಗಡ್ಡೆ ಮಂಡಿ ಅಂತೀನಿ.
ನಗುತ್ತಾರೆ. ನಗಲಿ.

ಆಗಸ್ಟ್ ಬೆಳಗು, ಏಳಕ್ಕೆ ಇನ್ನೂ ಹತ್ತು ನಿಮಿಷ,
ಹಿಂದಕ್ಕೆ ಸರಿಯುವ ಲಾರಿಯ ಪೀಂ ಪೀಂ,
ಒದ್ದೆ ಮಣ್ಣು ಮೆತ್ತಿದ ಚೀಲ ಧೊಪ್ಪೆಂದು ಬೀಳುವುದು,
ಒಂದು, ಒಂದು, ಸ್ವಲ್ಪ ಬಿಟ್ಟು ಇನ್ನೊಂದು.
ಅದರ ಮೇಲೆ ಹತ್ತಿ ನಿಂತ ಹರಾಜಿನ ಪುಟ್ಟೀರಪ್ಪನವರು
ಉಸಿರು ಎಲ್ಲಿ ತಗೊಳ್ಳುತ್ತಿದ್ದರೋ ಇವತ್ತಿಗೂ ನನಗೆ ಸಿಕ್ಕಿಲ್ಲ:
ಹದಿನೆಂಟು ಹದಿನೆಂಟು ಹದಿನೆಂಟೂಕಾಲು ಕಾಲು ಕಾಲು
ಯಾರ್ರೀ ವರೆ ಅಂದೋರು, ವರೆ, ವರೆ, ಹದಿನೆಂಟೂವರೆ
ನಾನಾಗ ಚೀಲದ ಬಾಯಿ ಹೊಲಿಯುವ ಹುಡುಗ.
ದಬ್ಬಳ ಆ ಲೆಕ್ಕಕ್ಕೇ ಏರುತ್ತಿತ್ತು, ಇಳಿಯುತ್ತಿತ್ತು.
ಹಿಪ್ ಹಾಪ್ ಅನ್ನೋ ಪದ ಕಿವಿಗೆ ಬಿದ್ದದ್ದು
ಅದಾಗಿ ಆರು ವರ್ಷಕ್ಕೆ.

ಇನ್ನೊಬ್ಬರ ಹೆಸರು ಹೇಳಬೇಕು, ಅವರು ಬೇಡ ಅಂದಿದ್ದಾರೆ.
ನಮ್ಮ ಸೋದರಮಾವ. ತಮಟೆ ಬಿಟ್ಟು ಇಪ್ಪತ್ತು ವರ್ಷ.
ಹೆಣದ ಮುಂದೆ ಊರುದ್ದ ಹೊಡೆದು, ಆಮೇಲೆ
ಅದೇ ಮನೆಯ ಜಗಲಿ ಕೆಳಗೆ ನಿಂತು ಕಾಸಿಗೆ ಕೈಯೊಡ್ಡಿದ್ದು ಸಾಕು ಅಂತ.
ತಮಟೆ ಅಟ್ಟದ ಮೇಲಿದೆ, ಯೂರಿಯಾ ಚೀಲ ಹೊದ್ದುಕೊಂಡು.
ಒಂದೇ ಒಂದು ಪೆಟ್ಟು ಮಾವ, ಮೈಕಿನ ಹತ್ತಿರ, ಅಂದೆ.
ನಿನ್ನ ಮಿಷನ್ನಿಗೆ ಒಂದು ಕೊಟ್ಟರೆ ಅದು ದಿನಾ ಹೊಡೆಯುತ್ತೆ,
ನಾನು ಬಿಟ್ಟಿದ್ದನ್ನ ಅದು ಬಿಡಲ್ಲ ಕಣ್ಲಾ, ಅಂದರು.

ಅದಕ್ಕೇ ನನ್ನ ಬೀಟುಗಳಲ್ಲಿ ನಾಲ್ಕನೇ ಪೆಟ್ಟು ಇರುವುದಿಲ್ಲ.
ಸ್ನೇರ್ ಮಿಸ್ಸಾಗಿದೆ ಬ್ರೋ, ಅಂತಾರೆ.
ಇಲ್ಲ ಬ್ರೋ.
ಅಟ್ಟದ ಮೇಲಿದೆ.

ಸ್ಟುಡಿಯೋ ಅಂದರೆ ಸಂತೇಪೇಟೆಯಲ್ಲಿ ಗೋಣಿ ಅಂಗಡಿಯ ಹಿಂದಿನ ಕೋಣೆ,
ಎಂಟಡಿಗೆ ಆರು. ಗೋಡೆಗೆಲ್ಲ ಹಳೇ ಚೀಲ ಬಡಿದಿದ್ದೇನೆ.
ಸದ್ದು ಹೊರಗೆ ಹೋಗದು, ಧೂಳು ಒಳಗೇ ಇದ್ದು ಸೀನಿಸುತ್ತದೆ.
ಪೆನ್ಷನ್ ಮೊಹಲ್ಲಾದಿಂದ ತಬ್ರೇಜ್ ಬರುತ್ತಾನೆ, ಕನ್ನಡಕದಂಗಡಿ ಮುಚ್ಚಿ;
ಅವನ ಸಾಲಿನಲ್ಲಿ ದಖ್ಖನಿ ಎಲ್ಲಿ ಮುಗಿದು ಕನ್ನಡ ಎಲ್ಲಿ ಶುರುವಾಯ್ತು ಅಂತ
ಗೀಟು ಎಳೆಯೋಕಾಗಲ್ಲ.
ಸಿಂಚನ ಆಸ್ಪತ್ರೆಯ ಲ್ಯಾಬಿನಲ್ಲಿ ಹಗಲೆಲ್ಲ ರಕ್ತ ತೆಗೆದು
ಸಂಜೆ ಇಲ್ಲಿ ನಿಂತು ಹದಿನಾರು ಸಾಲು ಬೈಯುತ್ತಾಳೆ.
ಯಾರನ್ನ ಅಂತ ನಾವು ಕೇಳಿಲ್ಲ.
ಒಮ್ಮೆ ಮಹಾರಾಜ ಪಾರ್ಕಿನಲ್ಲಿ ಸೈಫರ್ ಮಾಡಿದೆವು. ಹನ್ನೊಂದು ಜನ.
ಅದರಲ್ಲಿ ಇಬ್ಬರು ವಾಕಿಂಗಿನವರು, ಒಬ್ಬ ಪೊಲೀಸು.
ಪೊಲೀಸು ಚೆನ್ನಾಗೇ ತಲೆ ಆಡಿಸಿದ,
ಆಮೇಲೆ ಎಬ್ಬಿಸಿ ಕಳಿಸಿದ.
ಒಂಬತ್ತೂ ಇಪ್ಪತ್ತಕ್ಕೆ ಮಂಗಳೂರಿನ ಗೂಡ್ಸು.
ಅದು ದಾಟುವವರೆಗೆ ಯಾರೂ ಬಾಯಿ ಬಿಡುವಂತಿಲ್ಲ,
ಅದರ ಬೇಸಿನ ಮುಂದೆ ನನ್ನ ಸ್ಪೀಕರು ಸೊಳ್ಳೆ.

ಹೋದ ಶನಿವಾರ ಪುಟ್ಟೀರಪ್ಪನವರು ಬಂದರು, ಮಗಳ ಸ್ಕೂಟಿಯಲ್ಲಿ.
ಗಂಟಲಿನ ಆಪರೇಷನ್ ಆಗಿ ಒಂದೂವರೆ ವರ್ಷ,
ಈಗಿನ ಮಾತು ತೌಡು ಜರಡಿ ಹಿಡಿದ ಹಾಗೆ.
ಯಾರೋ ಹೇಳಿದ್ದರಂತೆ, ನಿಮ್ಮ ದನಿ ಆ ಹುಡುಗನ ಹತ್ರ ಇದೆ ಅಂತ.
ಇತ್ತು. ಕೀಪ್ಯಾಡ್ ಫೋನಿನಲ್ಲಿ ಕದ್ದದ್ದು, ಇಪ್ಪತ್ತೊಂದು ಸೆಕೆಂಡು.
ಮಫ್ಲರ್ ಬಿಚ್ಚದೆ ಅದರ ಮೇಲೇ ಹೆಡ್‌ಫೋನು ಇಟ್ಟುಕೊಂಡರು.
ದುಡ್ಡು ಕೇಳುತ್ತಾರೇನೋ ಅಂತ ನಾನು,
ಅಳುತ್ತಾರೇನೋ ಅಂತ ಸಿಂಚನ.
ಅವರು ಬೆರಳಿನ ಗೆಣ್ಣಲ್ಲಿ ಎಣಿಸುತ್ತಿದ್ದರು.
ಹದಿನೆಂಟೂವರೆ ಒಂದನೇ ಸಾರಿ, ಹದಿನೆಂಟೂವರೆ ಎರಡನೇ ಸಾರಿ,
ಮತ್ತೆ ಒಂದನೇ ಸಾರಿ. ಮತ್ತೆ ಎರಡನೇ ಸಾರಿ.
ಮೂರನೇದಕ್ಕೆ ಫೋನಿನ ಬ್ಯಾಟರಿ ಸತ್ತಿತ್ತು ಗೌಡ್ರೇ, ಅಂದೆ.

ಕಿವಿಯಿಂದ ಸರಿಸಿ, ಬರೀ ಗಾಳಿಯಲ್ಲಿ ಅಂದರು:
ಸತ್ತಿರಲಿಲ್ಲ. ನಾನು ಹೇಳಲೇ ಇಲ್ಲ.
ಆ ಲಾಟು ಒಳಗೆ ಕೊಳೆತಿತ್ತು, ಒಬ್ಬ ಮುದುಕಿ ತಂದಿದ್ದು.
ಹೋದ್ರೆ ತಗೊಂಡೋನು ಕೆಟ್ಟ, ಹೋಗದಿದ್ರೆ ಅವಳು.
ಎರಡರಲ್ಲೇ ನಿಂತ್ಕಂಡೆ.
ಅಷ್ಟರಲ್ಲಿ ಕರೆಂಟು ಹೋಗಿ ತಕ್ಕಡಿ ನಿಂತೋಯ್ತು.

ಆಮೇಲೆ ಏನಾಯ್ತು ಅಂತ ತಬ್ರೇಜ್ ಕೇಳಲು ಬಾಯಿ ತೆರೆದ.
ಗೂಡ್ಸು ಬಂತು.
ಮೈಕು ಮುಚ್ಚಿ ಎಲ್ಲರೂ ಕೂತೆವು.
ಪುಟ್ಟೀರಪ್ಪನವರು ಮಾತ್ರ ತುಟಿ ಆಡಿಸುತ್ತಿದ್ದರು,
ಒಂದು ಡಬ್ಬಿಯನ್ನೂ ತಪ್ಪಿಸದೆ.