ನಾಲ್ಕು ಎಂ.ಎಂ. ಬಿಡುವು

ಬುಧವಾರ ನನ್ನದು, ಶನಿವಾರ ಅವನದು.
ಕೋರ್ಟು ಬರೆದದ್ದಲ್ಲ ಇದು,
ಕಾರ್ಪೊರೇಷನ್ನಿನ ಕಾಂಟ್ರ್ಯಾಕ್ಟಿನಲ್ಲಿ
ಕೊನೆಯ ಪುಟದ ಕೊನೆಯ ಸಾಲು:
ಗ್ರೀಸು ನಾನು ಹಚ್ಚಬೇಕು, ಬೋಲ್ಟು ಅವನು ಬಿಗಿಯಬೇಕು.

ಯಶವಂತಪುರದ ಗೂಡ್ಸ್ ಶೆಡ್ಡು ದಾಟಿ ಬಂದರೆ
ಹೊಂಗೆಯಡಿ ಹಣ್ಣಿನ ಗಾಡಿ, ಎದುರಿಗೇ ಸರ್ಕಲ್ಲು.
ನಡುವೆ ಅವರಿಬ್ಬರು.
ಆಳಿನ ಮೂರು ಪಟ್ಟು ಎತ್ತರ,
ಮೈಯೆಲ್ಲ ಅಡ್ಡಡ್ಡ ತಗಡು,
ತಗಡಿಗೂ ತಗಡಿಗೂ ನಡುವೆ ಖಾಲಿ.
ಸಂಜೆ ಏಳಕ್ಕೆ ಮೋಟರು ಗುಂಯ್ ಎನ್ನುತ್ತದೆ.
ಅವಳು ಉತ್ತರದಿಂದ, ಅವನು ದಕ್ಷಿಣದಿಂದ
ಜರುಗಿ ಜರುಗಿ ಬಂದು
ಅವನ ಖಾಲಿಯೊಳಗೆ ಅವಳ ತಗಡು
ಅವಳ ಖಾಲಿಯೊಳಗೆ ಅವನ ತಗಡು
ಹೊಕ್ಕು, ಒಂದು ನಿಮಿಷ ಒಂದೇ ಆಳು.
ಆಮೇಲೆ ಒಬ್ಬರ ಬೆನ್ನಿಂದ ಒಬ್ಬರು ಹೊರಬಿದ್ದು
ತಿರುಗಿ ನೋಡದೆ ಹೋಗುತ್ತಾರೆ.
ಕುತ್ತಿಗೆಗೆ ಬೇರಿಂಗ್ ಹಾಕಿಲ್ಲ. ದುಡ್ಡು ಸಾಲಲಿಲ್ಲ.

ಸಿಗ್ನಲ್ಲಿಗೆ ನಿಂತ ಆಟೋದವರು ಕೇಳುತ್ತಾರೆ:
"ಗ್ರೀಸ್ ಮೇಡಂ, ಇದು ಲವ್ವಾ, ಡೈವೋರ್ಸಾ?"
"ವರ್ಮ್ ಗೇರು," ಅಂತೀನಿ.

ಪೀಣ್ಯದ ಶೆಡ್ಡಿನಲ್ಲಿ ನಾವೇ ಕೊಯ್ದದ್ದು ಅವರನ್ನು.
ಮೌನೇಶ ನನ್ನನ್ನು ನೆಲದ ಮೇಲೆ ಮಲಗಿಸಿ
ಸುತ್ತ ಸೀಮೆಸುಣ್ಣದ ಗೆರೆ ಎಳೆದ. ಏಳು ಅಂದ. ಎದ್ದೆ.
ನೆಲದಲ್ಲಿ ಉಳಿದವಳನ್ನು ಮೂವತ್ತನಾಲ್ಕು ಹೋಳು ಮಾಡಿದೆವು.
ಅವನ ಗೆರೆ ಎಳೆದದ್ದು ನಾನು;
ಕಚಗುಳಿಗೆ ಮಿಸುಕಾಡಿ ಎಡ ಭುಜ ಓರೆಯಾಯಿತು,
ಇವತ್ತಿಗೂ ಓರೆಯೇ.
ಎಷ್ಟು ಬಿಡುವು ಇಡೋಣ, ಅಂದೆ.
ನಾಲ್ಕು ಎಂ.ಎಂ., ಅಂದ. ತಾಗಿದರೆ ಕೆಡುತ್ತೆ.

ಆಮೇಲೆ ಮನೆಯಲ್ಲಿ ಕೆಟ್ಟದ್ದು ಬೇರೆ ಲೆಕ್ಕ.
ಯಾರೂ ಹೊಡೆಯಲಿಲ್ಲ, ಯಾರೂ ಸುಳ್ಳಾಡಲಿಲ್ಲ,
ಒಂದು ಬೆಳಿಗ್ಗೆ ಎರಡು ಲೋಟ ಕಾಫಿ
ಎರಡು ಕೋಣೆಯಲ್ಲಿ ಆರಿದವು.

ಈಗ ಬುಧವಾರ ಹೋದರೆ
ಶನಿವಾರದವನು ಅಲ್ಲಲ್ಲಿ ಸಿಗುತ್ತಾನೆ:
ನಾಲ್ಕು ಮಡಿಕೆ ಮಡಿಸಿಟ್ಟ ಕಾಟನ್ ವೇಸ್ಟು,
ಗೇರ್‌ಬಾಕ್ಸಿನ ಮುಚ್ಚಳದ ಮೇಲೆ ಬೀಡಿಯ ಬೂದಿ
(ಬಿಟ್ಟಿದ್ದೇನೆ ಅಂದಿದ್ದ),
ನಾನು ಹೆಚ್ಚು ಮೆತ್ತಿದ ಗ್ರೀಸು ಒರೆಸಿದ
ಹೆಬ್ಬೆರಳಿನ ಗುರುತು.
ನಾನೂ ಒಂದು ನಟ್ಟು ಸಡಿಲ ಬಿಟ್ಟು ಬರುತ್ತೇನೆ,
ಅವನ ಶನಿವಾರಕ್ಕೆ ಕೆಲಸವಿರಲಿ ಎಂದು.

ಏಪ್ರಿಲ್‌ನಲ್ಲಿ ಕಬ್ಬಿಣ ಹಿಗ್ಗುತ್ತದೆ.
ಕಾವಿಗೆ ಉಬ್ಬುವುದಕ್ಕೂ ಸಂತೋಷಕ್ಕೆ ಉಬ್ಬುವುದಕ್ಕೂ
ನಮ್ಮಲ್ಲಿ ಒಂದೇ ಮಾತು.
ಬಿಸಿಲು ಆರದ ಸಂಜೆಗಳಲ್ಲಿ
ಅವಳ ಹತ್ತೊಂಬತ್ತನೆಯ ತಗಡು, ಎದೆಯ ಹತ್ತಿರದ್ದು,
ಅವನದಕ್ಕೆ ತಾಗಿ ಕಿರ್ರೆನ್ನುತ್ತದೆ.
ಹಲ್ಲು ಜುಂ ಎಂದು ಜನ ಕಿವಿ ಮುಚ್ಚುತ್ತಾರೆ.
ಉಜ್ಜಿದಲ್ಲಿ ಮಾತ್ರ ತುಕ್ಕಿಲ್ಲ, ಬೆಳ್ಳಿ.

ಹೋದ ಗುರುವಾರ, ಅವರು ಒಂದೇ ಆಳಾಗಿದ್ದಾಗ
ಕರೆಂಟು ಹೋಯಿತು. ಮತ್ತಿಕೆರೆಯವರೆಗೂ ಕತ್ತಲು.
ವಾರ್ಡ್ ಆಫೀಸಿನಿಂದ ಫೋನು:
"ಬಿಡಿಸಿ ಮೇಡಂ, ಜನ ಸೇರ್ತಿದ್ದಾರೆ."
ಕೈಯಲ್ಲಿ ತಿರುಗಿಸುವ ಕ್ರ್ಯಾಂಕು ಎರಡಿವೆ,
ಆ ಕಡೆಗೊಂದು, ಈ ಕಡೆಗೊಂದು,
ಒಟ್ಟಿಗೇ ತಿರುಗಿಸಬೇಕು, ಒಬ್ಬರಿಂದಾಗದು.
ಹೆಲ್ಮೆಟ್ಟು ತೆಗೆಯದೆ ನಿಂತಿದ್ದ.
"ಊಟ ಆಯ್ತಾ?" ಅಂದ.
"ಆಯ್ತು," ಅಂದೆ. ಆಗಿರಲಿಲ್ಲ.

ಅರವತ್ತೆರಡು ಸುತ್ತು. ಇಬ್ಬರಿಗೂ ಬಾಯಿಪಾಠ.
ಹಣ್ಣಿನ ಗಾಡಿಯವನು ಮೊಬೈಲಿನ ಬೆಳಕು ಹಿಡಿದ.
ನಲವತ್ತರಲ್ಲಿ ಅವನು ನಿಲ್ಲಿಸಿದ, ಕೈ ಸೋತಿತು ಅಂದ.
ಸೋತಿರಲಿಲ್ಲ. ನಾನೂ ನಿಲ್ಲಿಸಿದೆ.
ಅರ್ಧ ಅವಳೊಳಗೆ, ಅರ್ಧ ಆಚೆ, ಆ ಕಬ್ಬಿಣ ಕಾದಿತ್ತು.
ಎಲ್ಲೋ ಒಂದು ಗೂಡ್ಸು ರೈಲು
ಮುಗಿಯದೆ ಹೋಗುತ್ತಲೇ ಇತ್ತು.
ಅದು ಮುಗಿದ ಮೇಲೆ ಉಳಿದ ಇಪ್ಪತ್ತೆರಡು.

ಹೊರಡುವಾಗ ಹೇಳಿದ:
"ಆ ಹತ್ತೊಂಬತ್ತನೇದು ತಾಗ್ತಿದೆ. ಗ್ರೈಂಡ್ ಮಾಡ್ಬೇಕು."
"ಬುಧವಾರ ನೋಡ್ತೀನಿ," ಅಂದೆ.

ನೋಡುವುದಿಲ್ಲ. ಅವನಿಗೂ ಗೊತ್ತು.
ಗ್ರೈಂಡರು ಇರುವುದು ಅವನ ಹತ್ತಿರ.