ಜರಡಿ ಹಿಡಿದವಳು

ನಮ್ಮ ಭಟ್ಟಿಯ ಮಂಡಕ್ಕಿಗೆ ಯೂರಿಯಾ ಬೆರೆಸುತ್ತಾರೆಂದು
ಮಂಗಳವಾರ ರಾತ್ರಿ ಹನ್ನೊಂದೂ ಇಪ್ಪತ್ತಕ್ಕೆ ಒಬ್ಬ ಬರೆದ.
ಹನ್ನೊಂದೂ ಇಪ್ಪತ್ತೊಂದಕ್ಕೆ ನಾನೂರು ಮಂದಿ.
ಅದೇ ಮಾತು, ಕೊನೆಗೆ ಅವೇ ಮೂರು ಉದ್ಗಾರ,
ಅದೇ ಅಕ್ಷರಕ್ಕೆ ಬಿಟ್ಟುಹೋದ ಕೊಂಬು.

ಅಬ್ಬ ದಾದಾಪೀರ್ ಬೆಳಿಗ್ಗೆ ಒಲೆ ಹಚ್ಚದೆ
ಚೀಲದ ಮೇಲೆ ಕೂತುಬಿಟ್ಟರು.
"ಇಷ್ಟು ಜನಕ್ಕೆ ನಾವೇನು ಮಾಡಿದ್ವಿ ಬೇಟಾ?
ಊರಿಗೆ ಊರೇ ಬೈತೈತಲ್ಲ."

ಊರಲ್ಲ ಅಬ್ಬಾ, ಎಂದೆ.

ಕಾದ ಮರಳಿನಲ್ಲಿ ಅರಳಿದ್ದು ಮೇಲೆ ನಿಲ್ಲಬೇಕು,
ಮರಳು ಕೆಳಗೆ ಉದುರಬೇಕು.
ಹದಿನಾರು ವರ್ಷ ಭಾಷಾನಗರದ ಈ ಹೊಗೆಯಲ್ಲಿ
ನನ್ನ ಮೊಣಕೈ ಕಲಿತದ್ದು ಇಷ್ಟೇ.
ಫೋನು ಹಿಡಿದು ಕೂತೆ.

ಸ್ನೇಹಾ ಏಳು ಏಳು ನಾಲ್ಕು ಒಂದು, ಹುಟ್ಟಿದ್ದು ಹೋದ ಶುಕ್ರವಾರ.
'ದಾವಣಗೆರೆ ಹುಲಿ' ಎಂಬಾತ ಮೊನ್ನೆಯವರೆಗೂ
ಯಾವುದೋ ಪರಭಾಷೆಯಲ್ಲಿ ಬೂಟು ಮಾರುತ್ತಿದ್ದ.
ಮೂರು ಹೆಸರಿಗೆ ಒಬ್ಬಳೇ ಹೆಣ್ಣಿನ ಮುಖ,
ಎಡಗಿವಿಯ ಓಲೆ ಕೆನ್ನೆಯೊಳಗೆ ಕರಗಿತ್ತು.
ಯಾರಿಗೂ ನಿದ್ದೆಯಿಲ್ಲ. ಯಾರ ಮನೆಯಲ್ಲೂ ಕರೆಂಟು ಹೋಗುವುದಿಲ್ಲ.
ಯಾರ ಕೂಸೂ ಫೋನು ಕಸಿದುಕೊಂಡು
ಅರ್ಥವಿಲ್ಲದ ನಾಲ್ಕಕ್ಷರ ಒತ್ತಿ ಕಳಿಸುವುದಿಲ್ಲ.

ನಾನೂರಕ್ಕೂ ಒಂದೇ ಪ್ರಶ್ನೆ ಎಸೆದೆ:
ಹಗೇದಿಬ್ಬ ಸರ್ಕಲ್ಲಿನಲ್ಲಿ ಸಂಜೆ ನಿಂತರೆ
ಮಂಡಕ್ಕಿ ಜೊತೆಗೆ ಏನು ಕೇಳ್ತೀರಿ?
ಮುನ್ನೂರ ತೊಂಬತ್ತೆಂಟು ಬಾಯಿ ಯೂರಿಯಾ ಎಂದವು.
ಒಂದು ನಾಲಿಗೆಗೂ ಮೆಣಸಿನಕಾಯಿ ನೆನಪಾಗಲಿಲ್ಲ.
ಒಂದು ಮಾತ್ರ "ನಿಮ್ಮ ಅಭಿಪ್ರಾಯ ಅಮೂಲ್ಯ" ಎಂದು ಕೈಮುಗಿಯಿತು.
ಇನ್ನೊಂದು ಬಹಳ ಹೊತ್ತು ಬರೆದು, ನಿಲ್ಲಿಸಿ, ಬರೆದು
"ಅಕ್ಕ, ಸಾಲಿಗೆ ನಲವತ್ತು ಪೈಸೆ ಕೊಡ್ತಾರೆ" ಎಂದಿತು.
ನಾನು ಎರಡನೇ ಸಲ ಓದುವಷ್ಟರಲ್ಲಿ ಅಳಿಸಿತ್ತು.
ಆ ಹುಡುಗ ಯಾರೆಂದು ಈಗಲೂ ಯೋಚಿಸುತ್ತೇನೆ. ಹುಡುಗನೇ ಇರಬೇಕು.

ದೂರು ಒತ್ತಿದೆ, ಒತ್ತಿದೆ, ಹೆಬ್ಬೆರಳು ಜೋಮು ಹಿಡಿಯುವವರೆಗೆ.
ಗೆದ್ದ ಕೈಗೆ ಅಮಲು ಬೇಗ ಏರುತ್ತದೆ.
ದಿನವೂ ಒಂದೇ ಹೊತ್ತಿಗೆ ಒಂದೇ ಮಾತು ಕಳಿಸುವವರು
ಇನ್ನು ಯಾರಿದ್ದಾರೆ, ಬರಲಿ ಎಂದು ಹುಡುಕಿದೆ.
ಸಿಕ್ಕಿತು: ಮುಂಜಾನೆ ಐದೂ ಹತ್ತಕ್ಕೆ ಒಂದು ಗುಲಾಬಿ,
ಅದರ ಮೇಲೆ ಮಿಣಮಿಣ ಶುಭೋದಯ.
ಮುಖದ ಜಾಗದಲ್ಲಿ ದಾಸವಾಳ. ಹೆಸರಿಲ್ಲ, ಬರೀ ನಂಬರು.
ಮೂರು ವರ್ಷ, ಒಂದು ದಿನವೂ ತಪ್ಪಿಲ್ಲ.
ಮನುಷ್ಯರು ಇಷ್ಟು ಕರಾರುವಾಕ್ಕಾಗಿ ಇರುತ್ತಾರೆಯೇ?
ತಡೆದುಹಾಕಿದೆ.

ಒಂಬತ್ತನೇ ದಿನ ಕೊಟ್ರಮ್ಮ ಟೀಚರು
ವಿನೋಬನಗರದಿಂದ ಬಿಸಿಲಲ್ಲಿ ನಡೆದು ಬಂದರು,
ನನ್ನ ಕೈಹಿಡಿದು ಅ ಆ ತಿದ್ದಿಸಿದವರು.
ಕರ್ಚೀಫಿನ ಗಂಟಿನಿಂದ ಫೋನು ಬಿಚ್ಚಿ
"ನೋಡೇ ಶಾಹೀನಾ, ನಿಂಗೆ ಕಳ್ಸಿದ್ದು ಹೋಗ್ತಾನೇ ಇಲ್ಲ.
ಒಂದೇ ಗೀಟು ಬರ್ತೈತೆ, ಎರಡನೇದು ಬೀಳವಲ್ದು.
ಎಲ್ಲರಿಗೂ ಹೋಗ್ತೈತೆ. ನಿಂದೇ ಕೆಟ್ಟೈತೇನೋ."

ಚೀಲದ ಮರೆಗೆ ತಿರುಗಿ ಬೇಲಿ ಕಿತ್ತೆ.
ಆ ಒಂಬತ್ತು ಗುಲಾಬಿ ಬರಲಿಲ್ಲ.
ತಡೆದಾಗ ಬಂದದ್ದು ತಡೆ ತೆಗೆದರೂ ಬರುವುದಿಲ್ಲವಂತೆ.
"ಸರಿಹೋಯ್ತು ಟೀಚರ್" ಎಂದೆ. ಸುಳ್ಳಲ್ಲ. ನಿಜವೂ ಅಲ್ಲ.

ಅಬ್ಬ ಅವರ ಬೊಗಸೆಗೆ ಬಿಸಿ ಮಂಡಕ್ಕಿ ಸುರಿದರು.
ಮೆದ್ದು, ಕಣ್ಣು ಮುಚ್ಚಿ, ಇನ್ನೊಮ್ಮೆ ಮೆದ್ದು
"ದಾದಾಪೀರಣ್ಣ, ಈ ಸಲ ಉಪ್ಪು ಒಂಚೂರು ಮುಂದೈತೆ" ಎಂದರು.

ಅಬ್ಬ ನಕ್ಕರು, ಆ ಮಂಗಳವಾರದಿಂದೀಚೆಗೆ ಮೊದಲ ಸಲ.
ನಾನೂರು ಮಂದಿಯಲ್ಲಿ ಒಬ್ಬರೂ
ಉಪ್ಪಿನ ಸುದ್ದಿ ಎತ್ತಿರಲಿಲ್ಲ.