ಮೂರನೇ ಬೆಂಚು

ತಿಯುಂಬಾ ಕುಮಾಸಿಯ ಬಸ್ಸು ಹತ್ತಿದ ಮರುದಿನ
ಅವಳಜ್ಜಿ ಮೆಮುನಾತು ಶಾಲೆಗೆ ಬಂದಳು.
ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಯಾರನ್ನೂ ಕೇಳದೆ
ಮೂರನೇ ಬೆಂಚಲ್ಲಿ ನನ್ನ ಪಕ್ಕ ಕೂತಳು.
ಮೈಯೆಲ್ಲ ಹೊಗೆ, ಶಿಯಾ ಬೆಣ್ಣೆಯ ವಾಸನೆ.

ನೈಂಡೋ ಮೇಷ್ಟ್ರು ಸೀಮೆಸುಣ್ಣ ಹಿಡಿದು ನಿಂತೇ ಇದ್ದರು.
"ಅಜ್ಜೀ, ಇದು ಆರನೇ ತರಗತಿ."
"ಗೊತ್ತು. ನಲವತ್ತು ದಿನ ಬಾರದಿದ್ದರೆ
ಹೆಸರು ಹೊಡೆದು ಹಾಕ್ತೀರಂತೆ.
ಜಾಗ ಖಾಲಿ ಇದ್ದರೆ ತಾನೇ?"

ಅಲ್ಲಿ, ದೊಡ್ಡ ಮಾರುಕಟ್ಟೆಯಲ್ಲಿ, ಅವಳು
ಸಿಂಬಿ ಸುತ್ತಿ, ಅದರ ಮೇಲೆ ತಗಡಿನ ಬೋಗುಣಿ ಇಟ್ಟು
ಯಾರದೋ ಟೊಮೇಟೊ, ಯಾರದೋ ಗೆಣಸು ಹೊರುತ್ತಿದ್ದಳು.
ಮದುವೆಗೆ ಪಾತ್ರೆ ಬೇಕಲ್ಲ, ಅಂದಿದ್ದ ಚಿಕ್ಕಪ್ಪ.
ನನ್ನಕ್ಕನೂ ಹೀಗೇ ಹೋಗಿದ್ದಳು.
ಪಾತ್ರೆಗಳು ಬಂದವು.
ಆ ಮಾತು ಈಗ ಬೇಡ.

ಮೊದಲ ದಿನ ಹಾಜರಿ ಕೂಗುತ್ತ
ಆ ಹೆಸರಿಗೆ ಬಂದಾಗ ಮೇಷ್ಟ್ರು ತಡವರಿಸಿದರು.
"ಇದ್ದೀನಿ," ಅಂದಳು ಅಜ್ಜಿ, ಬೊಚ್ಚು ಬಾಯಿ ತುಂಬ.
ನಾವು ನಕ್ಕೆವು.
ಎರಡನೇ ವಾರ ಯಾರೂ ನಗಲಿಲ್ಲ.

ಉಡಿಯ ತುಂಬ ಶಿಯಾ ಕಾಯಿ ತಂದು
ಬೆಂಚಿನಡಿಗೆ ಸಿಪ್ಪೆ ಉದುರಿಸುತ್ತ ಭಿನ್ನರಾಶಿ ಕೇಳುವಳು.
"ಅರ್ಧದಲ್ಲಿ ಅರ್ಧ ಕಾಲು ಅನ್ನೋಕೆ ಇಷ್ಟು ಹೊತ್ತೇ?
ನಾಲ್ಕು ಮಕ್ಕಳಿಗೆ ಒಂದೇ ಗೆಣಸು ಹಂಚಿದವಳು ನಾನು."
ಮಧ್ಯಾಹ್ನ ತೂಕಡಿಸುವಳು. ತೂಕಡಿಸುವಾಗಲೂ
ಒಂದು ಕೈ ಸೊಂಟದ ಗಂಟಿನ ಮೇಲೆ:
ಬೆಣ್ಣೆ ಮಾರಿದ ಕಾಸು,
ಕುಮಾಸಿಯಿಂದ ವಾಪಸು ಬರುವ ಬಸ್ಸಿನದು.

ಹರ್ಮಟಾನ್ ಗಾಳಿ ಕರಿಹಲಗೆಗೆ ಧೂಳು ಮೆತ್ತಿದ ದಿನ
ತಮಾಲೆಯಿಂದ ಸಾಹೇಬರು ಬಂದು ತಲೆ ಎಣಿಸಿದರು.
"ಇವರ್ಯಾರು?"
ಮೇಷ್ಟ್ರು ಕಿಟಕಿಯಾಚೆ ಬೇವಿನ ಮರ ನೋಡಿದರು.
"ತಿಯುಂಬಾ," ಅಂದೆ. ನನ್ನ ದನಿ ನನಗೇ ಹೊಸದು.
ಹಿಂದಿನ ಬೆಂಚೂ ಅಂದಿತು. ಆಮೇಲೆ ಗಂಡುಹುಡುಗರೂ.
ಸಾಹೇಬರು ಸಿಪ್ಪೆಯ ರಾಶಿ ನೋಡಿದರು,
ಅವಳ ಬಿಳಿ ಹುಬ್ಬು ನೋಡಿದರು,
ಪೆನ್ನಿಗೆ ಮುಚ್ಚಳ ಹಾಕಿದರು.
"ವಯಸ್ಸಿಗೆ ಮೀರಿ ಬೆಳೆದಿದ್ದಾಳೆ."

ಮೂವತ್ತೇಳನೇ ದಿನವೋ, ಮೂವತ್ತೆಂಟೋ,
ಅವಳು ಬಂದು ಬಾಗಿಲಲ್ಲಿ ನಿಂತಳು.
ನೆತ್ತಿಯ ಕೂದಲು ಸಿಂಬಿಯಗಲ ಸವೆದಿತ್ತು.
ಅಜ್ಜಿ ಏಳಲಿಲ್ಲ. ತುಸು ಸರಿದಳು.
ಒಂದೇ ಬೆಂಚಲ್ಲಿ ಮೂವರೂ ಒತ್ತಿಕೊಂಡು ಕೂತೆವು.

ಪುಸ್ತಕ ಮುಂದೆ ತಳ್ಳಿ, ಕಪ್ಪೆಯ ಚಿತ್ರದ ಮೇಲೆ
ಬೆರಳಿಟ್ಟು ಹೇಳಿದಳು:
"ಇಲ್ಲೀವರೆಗೆ ಆಗಿದೆ.
ಭಿನ್ನರಾಶಿ ಮಾತ್ರ ನೀನೇ ನೋಡ್ಕೋ,
ಮೇಷ್ಟ್ರಿಗೆ ಸರಿಯಾಗಿ ಬರಲ್ಲ."